ರಾಹುಕಾಲದ ಬೆಲ್ಟು

ಬಿಡದಿಯಲ್ಲಿ ಕಾರಿನ ಬಿಡಿಭಾಗ ಮಾಡುವ ನಮ್ಮ ಕಾರ್ಖಾನೆಗೆ ಅಂದು ತಗಡು ಒತ್ತುವ ಹೊಸ ಪ್ರೆಸ್ಸು ಬಂದಿತ್ತು. ಪ್ರೆಸ್ಸು ಹೊಸದು, ಹೂವಿನ ಹಾರ ಹೊಸದು, ಕ್ರೇನಿಗೆ ಕಟ್ಟಿ ಅದನ್ನು ಎತ್ತುವ ಬೆಲ್ಟು ಮಾತ್ರ ಹಳೆಯದು. ಅಂಚು ಹರಿದು ನಾರು ಈಚೆ ಬಂದಿದ್ದ ಆ ಬೆಲ್ಟನ್ನು ಬದಲಿಸಿ ಎಂದು ಸೇಫ್ಟಿ ಆಫೀಸರ್ ಶ್ವೇತ ಎಷ್ಟೋ ಸಲ ಕೇಳಿದ್ದಳು. "ಇದುವರೆಗೂ ಕಿತ್ತುಹೋಗಿಲ್ಲವಲ್ಲಮ್ಮ" ಎನ್ನುವುದು ಮ್ಯಾನೇಜರ್ ಅನಂತರಾಜು ಅವರ ಖಾಯಂ ಉತ್ತರ. ಕಿತ್ತುಹೋದ ಮೇಲೆ ಏನು ಹೇಳುತ್ತಾರೋ ಕೇಳಬೇಕೆಂದು ಸ್ಟೋರ್ಸಿನಲ್ಲಿ ಕೂತ ನನಗೂ ಕುತೂಹಲವಿತ್ತು.

ಪೂಜೆಗೆ ಹನುಮಂತಯ್ಯನವರು ಊರವರನ್ನೆಲ್ಲ ಕರೆತಂದಿದ್ದರು. ಕಾರ್ಖಾನೆ ನಿಂತಿರುವುದೇ ಅವರ ರಾಗಿ ಹೊಲದಲ್ಲಿ. ಅದರ ಬದಲಿಗೆ ಅವರ ಮಗ ಕುಮಾರನಿಗೆ ಇಲ್ಲಿ ಕೆಲಸ ಸಿಕ್ಕಿತ್ತು: ಕ್ರೇನು ಎತ್ತಿದ ಯಂತ್ರವನ್ನು ಕೈಯಲ್ಲಿ ಹಿಡಿದು ಜಾಗಕ್ಕೆ ಕೂರಿಸುವುದು.

ಕ್ರೇನು ಪ್ರೆಸ್ಸನ್ನು ಒಂದು ಮೊಳ ಎತ್ತಿತು. ಹನುಮಂತಯ್ಯನವರು ಪಂಚೆ ಎತ್ತಿಕಟ್ಟಿ ಮುಂದೆ ಬಂದರು.

"ಬನ್ರಪ್ಪಾ, ಎಲ್ಲಾ ಒಂದೊಂದು ಕೈ ಹಾಕಿ. ಮನೆ ಬಾಗ್ಲು ಮಡಗೋವಾಗ ಹಾಕಲ್ವಾ, ಅಂಗೇ."

ಊರಿಗೆ ಊರೇ ಪ್ರೆಸ್ಸಿನ ಕಡೆ ಹೊರಟಿತು. ಶ್ವೇತ ಓಡಿಬಂದು ಅಡ್ಡ ನಿಂತಳು.

"ಯಾರೂ ಹತ್ತಿರ ಬರಬೇಡಿ! ಸರ್, ಮೊದಲು ಇಳಿಸೋಕೆ ಹೇಳಿ."

"ಶುಭಕಾರ್ಯದಲ್ಲಿ ಅಪಶಕುನ ನುಡೀಬೇಡಮ್ಮ" ಎಂದರು ಅನಂತರಾಜು. "ಇವತ್ತು ಶುಕ್ರವಾರ, ಹತ್ತೂವರೆಗೆ ರಾಹುಕಾಲ. ಅಷ್ಟರಲ್ಲಿ ಕೂರಿಸಿಬಿಡಬೇಕು."

ಕುಮಾರ ಆಗಲೇ ಪ್ರೆಸ್ಸಿಗೆ ಎರಡೂ ಕೈ ಕೊಟ್ಟು ನಿಂತಿದ್ದ. ಶ್ವೇತ ಗಡಿಯಾರದಲ್ಲಿ ಹತ್ತೂಕಾಲಾದದ್ದು ನೋಡಿದವಳೇ ಮಾತು ಬದಲಿಸಿದಳು.

"ಆಯ್ತು ಸರ್. ಎಲ್ಲರೂ ಹೆಲ್ಮೆಟ್ ಹಾಕಿಕೊಂಡು ಬರಲಿ, ಫೋಟೋ ಚೆನ್ನಾಗಿ ಬರುತ್ತೆ. ಕುಮಾರ, ನೀನೂ ಬಾ."

ಫೋಟೋ ಎಂದೊಡನೆ ಅನಂತರಾಜು ಕರಗಿದರು. ಕೊಳೆಯಾಗದಿರಲೆಂದು ಹೆಲ್ಮೆಟ್ಟುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಸಿದ್ದರು. ಬೀಗದ ಕೈ ನನ್ನ ಹತ್ತಿರವಿತ್ತು. ಶ್ವೇತ ನನ್ನನ್ನೇ ನೋಡಿದಳು. ನಾನು ಎಲ್ಲ ಜೇಬುಗಳನ್ನೂ ಎರಡೆರಡು ಸಲ ತಡಕಿದೆ. ಬೀರು ತೆಗೆದ ಮೇಲೆ ಅವಳು ಒಬ್ಬೊಬ್ಬರ ಗದ್ದದ ಪಟ್ಟಿ ಬಿಗಿದು, ಬಿಚ್ಚಿ, ಮತ್ತೆ ಬಿಗಿದಳು. ಕುಮಾರನ ತಾಯಿ ಪುಟ್ಟಲಕ್ಷ್ಮಮ್ಮನವರ ತುರುಬಿನ ಮೇಲೆ ಹೆಲ್ಮೆಟ್ಟು ಕೂರಲೇ ಇಲ್ಲ.

"ನಂಗ್ಯಾಕವ್ವ ಈ ಬೋಗುಣಿ? ತುರುಬು ಮಾತ್ರ ನಾನು ಬಿಚ್ಚಾಕಿಲ್ಲ" ಎಂದು ಅವರು ಪಟ್ಟು ಹಿಡಿದದ್ದು ನಮ್ಮ ಪುಣ್ಯ.

"ರಾಹುಕಾಲ ಬಂದ್ಬುಡ್ತು!" ಹನುಮಂತಯ್ಯನವರು ಹೆಲ್ಮೆಟ್ಟು ಕಳಚಿದರು. "ಇನ್ನು ಮುಟ್ಟಂಗಿಲ್ಲ. ನಡೀರ್ಲಾ, ತಟ್ಟೆ ಇಡ್ಲಿ ತಿನ್ಕೊಂಡು ಬರಾಣ."

ರಾಹುಕಾಲದಲ್ಲಿ ಇಳಿಸುವಂತೆಯೂ ಇಲ್ಲವೆಂದು ಪ್ರೆಸ್ಸನ್ನು ಹಾಗೇ ನೇತಾಡಲು ಬಿಟ್ಟು ಕ್ರೇನಿನವನೂ ಇಡ್ಲಿಗೆ ಹೊರಟ. ಶ್ವೇತ ಷೆಡ್ಡಿನ ಬಾಗಿಲಲ್ಲೇ ಕಾವಲು ನಿಂತಳು.

ಬೆಲ್ಟು ಕಿತ್ತುಹೋದಾಗ ಇಡೀ ಷೆಡ್ಡು ಅದುರಿತು. ಎಲ್ಲರೂ ಓಡಿಬಂದು ನೋಡಿದರೆ, ಕುಮಾರ ನಿಂತಿದ್ದ ಜಾಗದಲ್ಲಿ ಪ್ರೆಸ್ಸು ಮಗುಚಿಕೊಂಡಿತ್ತು. ಪುಟ್ಟಲಕ್ಷ್ಮಮ್ಮನವರು ಮಗನನ್ನು ತಬ್ಬಿಕೊಂಡು ಗೋಳೋ ಎಂದು ಅತ್ತರು.

"ನೋಡಿದಿರಾ ರಾಹುಕಾಲದ ಮಹಿಮೆ!" ಎಂದರು ಅನಂತರಾಜು. ಬೆಲ್ಟಿನ ಎರಡು ತುದಿಗಳನ್ನೂ ಎತ್ತಿ ಹಿಡಿದರು. "ಬೆಲ್ಟಿನದೇನೂ ತಪ್ಪಿಲ್ಲ. ಒಂದು ಗಂಟು ಹಾಕಿದರೆ ನಡೆಯುತ್ತೆ."

ಶ್ವೇತಳಿಗೆ ಸಿಟ್ಟಿನಿಂದ ಕಣ್ಣಲ್ಲಿ ನೀರೇ ಬಂತು. ಒರೆಸಿಕೊಂಡು ಹನುಮಂತಯ್ಯನವರ ಕಡೆ ತಿರುಗಿದಳು.

"ರಾಹು ಮುಟ್ಟಿದ ಬೆಲ್ಟು, ಯಜಮಾನರೇ. ಇದನ್ನೇ ಮತ್ತೆ ಕಟ್ಟಿ, ಪಕ್ಕದಲ್ಲಿ ಕುಮಾರನನ್ನು ನಿಲ್ಲಿಸಬಹುದಾ?"

"ಏನಂದೆ! ಸುಟ್ಟಾಕವ್ವ ಅದ್ನ! ಸಾಹೇಬ್ರೇ, ಹೊಸದು ಬರಗಂಟ ನನ್ ಮಗ ಅದ್ರ ತಾವಕ್ಕೆ ಬರಾಕಿಲ್ಲ."

ಸಂಜೆಯೊಳಗೆ ಬೆಂಗಳೂರಿನಿಂದ ಹೊಸ ಬೆಲ್ಟು ಬಂತು.

ಈಗ ತಿಂಗಳಿಗೊಮ್ಮೆ ಬೆಲ್ಟುಗಳಿಗೆ ದೃಷ್ಟಿಯಾಗಿದೆಯೇ ಎಂದು ನೋಡಲು ಕಂಪನಿಯ ಕಾರು ಹನುಮಂತಯ್ಯನವರನ್ನು ಕರೆತರುತ್ತದೆ. ಯಾವುದಕ್ಕೆ ಆಗಿದೆ ಎಂದು ಶ್ವೇತ ಅವರಿಗೆ ಮೊದಲೇ ತೋರಿಸಿರುತ್ತಾಳೆ. ಅವರು ಬೆರಳು ಮಾಡಿದ ಬೆಲ್ಟನ್ನು ಅನಂತರಾಜು ಕೈಮುಗಿದು ಹೊರಗೆ ಹಾಕಿಸುತ್ತಾರೆ.