ನೀರು ಬಿಡುವವರ ಪಾಳಿ

ಕೊರೊನಾ ಲಸಿಕೆ ಮೊದಲು ಯಾರಿಗೆ ಎಂಬ ಪಟ್ಟಿಯಲ್ಲಿ, ಇಬ್ರಾಹಿಂಪುರದ ಓಣಿಗಳಿಗೆ ನಳದ ನೀರು ಬಿಡುವ ಸಿದ್ದರಾಮನ ಹೆಸರಿರಲಿಲ್ಲ. ಸೋಂಕು ಹಬ್ಬಿದ ಓಣಿಗಳಿಗೂ ದಿನಾ ಹೋಗಿಬರುತ್ತಿದ್ದ ಅವನು, "ನಮ್ಮನ್ನ ಯಾರು ಕೇಳ್ತಾರ್ರಿ" ಎಂದು ನೀರು ಸರಬರಾಜಿನ ಇಂಜಿನಿಯರ್ ಸಂಪದಾ ಅವರ ಮುಂದೆ ಒಮ್ಮೆ ಅಂದಿದ್ದ, ಅಷ್ಟೆ.

ಸಂಪದಾ ಅವನನ್ನೂ ಕರೆದುಕೊಂಡು ನೇರವಾಗಿ ಲಸಿಕೆ ಪಟ್ಟಿ ಮಾಡುವ ಅಧಿಕಾರಿಗಳ ಸಭೆಗೆ ಹೋದರು. "ಕೈ ತೊಳಕೋರಿ ಅಂತ ಊರಿಗೆಲ್ಲಾ ಹೇಳಾಕತ್ತೇವಿ. ಇವರು ಹಾಸಿಗಿ ಹಿಡದ್ರ ದವಾಖಾನಿಗೆ ನೀರು ಯಾರು ಬಿಡ್ತಾರ್ರಿ?" ಎಂದು ಕೇಳಿದರು. ಅಧಿಕಾರಿಗಳು ಅಲ್ಲೇ ಪಟ್ಟಿ ತರಿಸಿ, ನೀರು ಬಿಡುವವರ ಹೆಸರುಗಳನ್ನೂ ಸೇರಿಸಿದರು.

ಮೂರನೆಯ ದಿನ ನೀರು ಬಿಡುವ ಹದಿನೆಂಟು ಮಂದಿಗೂ ಲಸಿಕೆ ಸಿಕ್ಕಿತು.

ಸಿದ್ದರಾಮ ಕೈಮುಗಿದ. "ಇಷ್ಟು ವರ್ಷದಾಗ ನಮ್ಮ ಪರವಾಗಿ ಮಾತಾಡಿದವರು ನೀವೊಬ್ಬರ ನೋಡ್ರಿ, ಮೇಡಂ."

"ನೀವು ನೀರು ಬಿಟ್ರನ ನಮ್ಮ ಮನ್ಯಾಗೂ ಒಲಿ ಹತ್ತೂದು, ಸಿದ್ದರಾಮಣ್ಣ," ಎಂದರು ಸಂಪದಾ.

ಅವನ ಕಣ್ಣು ತುಂಬಿ ಬಂದವು.