ಸದ್ದಿಲ್ಲದ ರಾಕ್ಷಸರು

ನಮ್ಮ ಯಜಮಾನರಿಗೆ ಹಳೆಯ ಇಂಗ್ಲಿಷ್ ರಾಕ್ಷಸರ ಸಿನಿಮಾ ಎಂದರೆ ಪ್ರಾಣ. ಇಂಗ್ಲಿಷ್ ಒಂದಕ್ಷರ ಬಾರದು. ಆದರೂ ಭಾನುವಾರ ಫೋನನ್ನು ಗೋಡೆಗೆ ಒರಗಿಸಿ ಕೂತರೆಂದರೆ ಮುಗಿಯಿತು. ಎಲ್ಲ ಕಪ್ಪು ಬಿಳುಪು. ರಬ್ಬರಿನ ಹಲ್ಲಿಯೊಂದು ಬೊಂಬೆ ಮನೆಗಳನ್ನು ತುಳಿಯುತ್ತದೆ, ಆಕಾಶದಿಂದ ಹಾರುವ ತಟ್ಟೆ ಇಳಿಯುತ್ತದೆ, ಅದಕ್ಕೆ ಕಟ್ಟಿದ ದಾರ ನನ್ನ ಕಣ್ಣಿಗೇ ಕಾಣುತ್ತದೆ. ಹೆಂಡತಿಯೊಡನೆ ನಾಲ್ಕು ಮಾತಾಡಲು ಪುರುಸೊತ್ತಿಲ್ಲದವರು ಆ ಹಲ್ಲಿಯೊಡನೆ ಮಧ್ಯಾಹ್ನವೆಲ್ಲ ಕಳೆಯುವುದು ಕಂಡು ನನಗೆ ಮೈ ಉರಿಯುತ್ತಿತ್ತು.

ಉರಿಗೆ ಕಾರಣ ಹಳೆಯದು. ನಾವು ಸೇಲಂ ಹತ್ತಿರದ ಎಡಪ್ಪಾಡಿಯಲ್ಲಿ ಪವರ್‌ಲೂಮ್ ಓಡಿಸುವವರು. ಮಗ್ಗ ಮನೆಯೊಳಗೇ. ಅದು ಓಡುವಾಗಿನ ಸದ್ದಿಗೆ ಬಾಯಿ ಅಗಲಿಸಿ, ತುಟಿ ತೋರಿಸಿ ಮಾತಾಡುವುದು ಎಲ್ಲರ ರೂಢಿ. ಮನಸ್ಸಿನ ಮಾತಿಗೆ ಕರೆಂಟು ಹೋಗುವುದನ್ನೇ ಕಾಯಬೇಕು. ನಮ್ಮ ಮಗು ಹುಟ್ಟಿದ ದಿನವೇ ತೀರಿಕೊಂಡಿತು. ವರ್ಷ ಕಳೆದ ಮೇಲೆ ಒಂದು ಸಂಜೆ ಕರೆಂಟು ಹೋಗಿ ಮಗ್ಗ ನಿಂತಿತು. ಕತ್ತಲಲ್ಲಿ ಇವರ ಬೆನ್ನಿಗೆ ಮುಖವಿಟ್ಟು ಕೇಳಿದೆ, "ನಂಗಿನ್ನೊಂದು ಕೂಸು ಬೇಕು. ನಿಮ್ಗೆ?"

ಇವರು ತುಟಿ ಪಿಟಕ್ಕೆನ್ನಲಿಲ್ಲ. ಬೇಡ ಎನ್ನಲೂ ಬಾಯಿ ಬರಲಿಲ್ಲವಲ್ಲ ಎಂದು ಅವತ್ತೇ ನನ್ನ ಚಾಪೆಯನ್ನು ಬೇರೆ ಹಾಕಿದೆ. ಆಮೇಲೆ ಆ ಮಾತು ಎತ್ತಲಿಲ್ಲ.

ಈ ಭಾನುವಾರ ಬೆಳಿಗ್ಗೆ ಇವರ ಫೋನು ನನ್ನ ಕೈಜಾರಿ ನೂಲಿಗೆ ಹಚ್ಚುವ ಗಂಜಿಗೆ ಬಿತ್ತು. ಒರೆಸಿ ನೋಡಿದರೆ ಚಿತ್ರ ಬರುತ್ತಿತ್ತು, ಸದ್ದು ಹೋಗಿತ್ತು. ಇವರಿಗೆ ಹೇಳಲು ಮರೆತೆ. ಮಧ್ಯಾಹ್ನ ಮಗ್ಗ ನಿಲ್ಲಿಸಿ ಇವರು ಎಂದಿನಂತೆ ಹಲ್ಲಿಯನ್ನು ನೋಡಿ ನಗುತ್ತಿದ್ದರು.

"ಸದ್ದೇ ಇಲ್ವಲ್ಲ," ಎಂದೆ ಹಿಂದಿನಿಂದ. ತಿರುಗಲಿಲ್ಲ. ಹೆಸರು ಹಿಡಿದು ಕೂಗಿದೆ, "ಮಾದೇಶಾ!" ಮದುವೆಯಾದಾಗಿನಿಂದ ಗಂಡನ ಹೆಸರು ಬಾಯಲ್ಲಿ ತಂದವಳಲ್ಲ ನಾನು. ಆಗಲೂ ತಿರುಗಲಿಲ್ಲ.

ಎದುರಿಗೆ ಹೋಗಿ ಕೂತೆ. "ಯಾವಾಗಿಂದ?"

ಇವರು ಫೋನು ಮಗುಚಿಟ್ಟರು. "ಕೂಸು ಉಟ್ಟೋಕೆ ಮುಂಚೆ ಒಂದು ಕಿವಿ ಓಯ್ತು. ಆಮ್ಯಾಕೆ ಎರಡೂ. ನೀನು ಎದುರ್ಗಿದ್ರೆ ತುಟಿ ನೋಡಿ ಸಮಾಳಿಸ್ತೀನಿ. ಈ ಸಿನ್ಮಾ ಪಡದಾಗೆ ಕೇಳೋಕೇನೈತೆ? ರಾಕ್ಷಸ ಬಂದ್ರೆ ಎಲ್ರೂ ಬಾಯಿ ಬಿಟ್ಕೊಂಡು ಓಡ್ತಾರೆ. ನಂಗೆ ಪೂರ್ತಿ ಅರ್ಥ ಆಗೋದು ಇದೊಂದೇ."

"ಏಳ್ಬಾರ್ದಾಗಿತ್ತಾ?"

"ಕಿವುಡ್ನ ಕಟ್ಕೊಂಡೆ ಅಂತ ನೊಂದ್ಕೊಂತೀಯ ಅಂತ ಏಳ್ಲಿಲ್ಲ."

"ಕರೆಂಟು ಓದ ಆ ಸಂಜೆ, ನಾನು ಕೇಳ್ದೆ..."

"ನಿನ್ನ ಉಸಿರು ಬೆನ್ನಿಗೆ ತಗುಲ್ತು. ತಿರುಗಿದ್ರೂ ಕತ್ಲಾಗೆ ತುಟಿ ಕಾಣ್ದು. ಓದ ಕೂಸ್ನ ನೆನೆದು ಅಳ್ತಾವಳೆ ಅಂತ ಸುಮ್ಕಿದ್ದೆ. ನೀನು ಚಾಪೆ ಬ್ಯಾರೆ ಆಕ್ದೆ. ನಾನು ಬ್ಯಾಡಾದೆ ಅನ್ಕೊಂಡೆ."

ಹಗಲು ಬೆಳಕಿನಲ್ಲಿ ಬಾಯಿ ಅಗಲಿಸಿ, ಸದ್ದು ಮಾಡದೆ, ಅದೇ ಮಾತನ್ನು ಮತ್ತೆ ಕೇಳಿದೆ. ಇವರು ನನ್ನ ತುಟಿಯನ್ನೇ ನೋಡುತ್ತಿದ್ದರು. ನಾನು ಮುಗಿಸುವಷ್ಟರಲ್ಲಿ ಇವರ ಕಣ್ಣು ತುಂಬಿತ್ತು.

"ಬೇಕು ಅಂತಿದ್ನಲ್ಲ, ವಾಣಿ," ಎಂದರು.

ಹೋದ ವರ್ಷ ಸೇಲಂನ ಆಸ್ಪತ್ರೆಯಲ್ಲಿ ನನ್ನ ಗರ್ಭಕೋಶ ತೆಗೆಯುವಾಗ ಒಪ್ಪಿಗೆಯ ಸಹಿ ಹಾಕಿದವರು ಇವರೇ.