ಹಿಂದಕ್ಕೆ ತಳ್ಳುವ ಗಾಡಿ

ಅವನ ಬಳಿ ಡ್ರೈವಿಂಗ್ ಲೈಸೆನ್ಸ್ ಇರಲಿಲ್ಲ. ಡಿಕ್ಕಿಯಾದ ಕಾರುಗಳ ನಷ್ಟ ಅಂದಾಜು ಮಾಡುವ ಇನ್ಶೂರೆನ್ಸ್ ಸರ್ವೇಯರನಿಗೆ ಕಾರು ಓಡಿಸಲು ಬರಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ ಎಂದು ಅವನು ಗ್ಯಾರೇಜುಗಳಲ್ಲಿ ಕೇಳಿದವರಿಗೆಲ್ಲ ಹೇಳುತ್ತಿದ್ದ. ಕೇಳದವರಿಗೂ ಒಮ್ಮೊಮ್ಮೆ ಹೇಳುತ್ತಿದ್ದ.

ಆ ಭಾನುವಾರ ಬೆಳಿಗ್ಗೆ ಅವನು ಇನ್ನೂರು ಆಸನಗಳ ವಿಮಾನವೊಂದನ್ನು ನಿಲ್ದಾಣದ ಗೇಟಿನಿಂದ ಹಿಂದಕ್ಕೆ ತೆಗೆಯುವುದರಲ್ಲಿದ್ದ. ಮನೆಯ ಮೂಲೆಯ ಕೋಣೆ, ಕಂಪ್ಯೂಟರಿನ ಮೂರು ಪರದೆ, ಮೇಜಿಗೆ ತಿರುಪು ಹಾಕಿ ಕೂರಿಸಿದ ಹಿಡಿಕೆ. ಬಾಗಿಲಾಚೆ ಹೆಂಡತಿ ಸೂಟ್‌ಕೇಸಿನ ಜಿಪ್ ಎಳೆಯುತ್ತಿದ್ದಳು.

“ರೀ, ಇದರ ಮೇಲೆ ಸ್ವಲ್ಪ ಕೂತ್ಕೊಳ್ತೀರಾ?”

“ಬಂದೆ, ಎರಡೇ ನಿಮಿಷ.”

ಅವನು ಏಳುವ ಮೊದಲೇ ಜಿಪ್ ಮುಚ್ಚಿದ ಸದ್ದಾಯಿತು. ಮಗಳು ಕೂತಿರಬೇಕು.

ಅಷ್ಟು ದೊಡ್ಡ ವಿಮಾನ ಗೇಟಿನಿಂದ ತಾನಾಗಿ ಹಿಂದೆ ಸರಿಯುವುದಿಲ್ಲ. ಕುಳ್ಳನೆಯ ಗಾಡಿಯೊಂದು ಬಂದು ಮೂತಿಯ ಚಕ್ರಕ್ಕೆ ಕಚ್ಚಿಕೊಂಡು ತಳ್ಳಬೇಕು. ಕೆಳಗೆ ನಿಂತವನು ಬ್ರೇಕ್ ಬಿಡಿ ಎನ್ನುತ್ತಾನೆ, ಪೈಲಟ್ ಬಿಡುತ್ತಾನೆ. ಆಮೇಲೆ ಬ್ರೇಕ್ ಹಾಕಿ ಎಂಬ ಮಾತು ಬರುವವರೆಗೆ ಎದುರಿನ ಕಟ್ಟಡ ಮೆಲ್ಲಗೆ ದೂರವಾಗುವುದನ್ನು ನೋಡುತ್ತ ಕೂರುವುದಷ್ಟೇ ಕೆಲಸ. ಅವನಿಗೆ ಬೇಕಾಗಿದ್ದದ್ದು ಇದೇ. ಹಾರಾಟದಲ್ಲಿ ಅವನಿಗೆ ಆಸಕ್ತಿಯಿರಲಿಲ್ಲ. ಹಿಂದಕ್ಕೆ ತಳ್ಳಿಸಿಕೊಂಡು, ನಿಲ್ಲಿಸಿ, ಎಲ್ಲ ಅಳಿಸಿ ಮತ್ತೆ ಗೇಟಿನಿಂದಲೇ ಶುರುಮಾಡುತ್ತಿದ್ದ. ಆಫೀಸಿನಲ್ಲಿ ಮಾತ್ರ ಯಾವ ಯಾವ ಸಮುದ್ರ ದಾಟಿ ಬಂದೆನೆಂದು ವರ್ಣಿಸುತ್ತಿದ್ದ.

ಆದರೂ ಇದು ಮನೆಯ ಆಟ. ಕೆಳಗೆ ನಿಂತವನ ಕೆಲಸವೂ ಅವನದೇ. ಕೀಬೋರ್ಡಿನ ಒಂದು ಕೀಲಿ ಒತ್ತಿದರೆ ಗಾಡಿ ತಳ್ಳತೊಡಗುತ್ತದೆ, ಅದನ್ನೇ ಮತ್ತೆ ಒತ್ತಿದರೆ ನಿಲ್ಲುತ್ತದೆ.

ಒತ್ತಿದ. ಕಟ್ಟಡ ಅಲುಗಿ ದೂರವಾಗತೊಡಗಿತು. ಅಷ್ಟರಲ್ಲಿ ಮಗಳು ಬಂದು ಕೈ ಚಾಚಿದಳು. ಹನ್ನೆರಡು ತುಂಬಿದ ಮೇಲೆ ಅವಳು ಅವನೊಂದಿಗೆ ಮಾತಾಡುವಾಗ ಅವನ ಮುಖ ನೋಡುವುದನ್ನು ಬಿಟ್ಟಿದ್ದಳು.

“ಅಪ್ಪ, ನನ್ನ ಹೆಡ್‌ಫೋನು.”

ಅವನು ತಲೆಯಿಂದ ತೆಗೆದು ಕೊಟ್ಟ. ಎಂಜಿನ್ನಿನ ಮೊರೆತ ಅವಳ ಕೈಗೆ ಹೋಗಿ ಸೊಳ್ಳೆಯ ಗುಂಯ್ ಆಯಿತು. ಅವಳು ತಂತಿ ಕಿತ್ತಳು. ಅದೂ ನಿಂತಿತು.

“ಗಾಡೀಲಿ ಡ್ರೈವರೇ ಇಲ್ವಲ್ಲ,” ಪರದೆ ನೋಡುತ್ತ ಹೇಳಿದಳು.

“ಬೇಕಾಗಿಲ್ಲ.”

“ಮತ್ತೆ ನಿಲ್ಲಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?”

“ನಾನು ಹೇಳ್ಬೇಕು.”

“ಹೇಳದೆ ಹೋದ್ರೆ?”

“ತಳ್ತಾನೇ ಇರುತ್ತೆ.”

“ಪೆದ್ದ ಗಾಡಿ,” ಎಂದಳು. ತಂತಿಯನ್ನು ಬೆರಳಿಗೆ ಸುತ್ತುತ್ತ ಸ್ವಲ್ಪ ಹೊತ್ತು ನಿಂತಳು. “ಅಮ್ಮ ಕೇಳಿದ್ದಕ್ಕೆ ಏನಂದೆ?”

“ಏನು ಕೇಳಿದ್ಳು?”

“ಗೊತ್ತಿಲ್ಲದ ಹಾಗೆ ಆಡ್ಬೇಡ.”

ಗೊತ್ತಿತ್ತು. ಹೆಂಡತಿಗೆ ಬೇರೆ ಊರಿನ ಆಸ್ಪತ್ರೆಯಲ್ಲಿ ಲ್ಯಾಬ್ ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಮಗಳಿಗೆ ಅಲ್ಲೇ ಸ್ಕೂಲು ನಿಶ್ಚಯವಾಗಿತ್ತು. ಅವನು ಬರುವ ವಿಷಯ ಯಾರೂ ಎತ್ತಿರಲಿಲ್ಲ. ಬಟ್ಟೆ ಮಡಿಸುತ್ತ ಹೆಂಡತಿ ಒಂದೇ ಮಾತು ಹೇಳಿದ್ದಳು: “ಬೇಡ ಅನ್ನಿ, ಹೋಗೋದು ಬಿಡ್ತೀನಿ. ಆದ್ರೆ ಬಾಯಿ ಬಿಟ್ಟು ಅನ್ನಬೇಕು.” ಅವನು “ನಿನ್ನಿಷ್ಟ” ಎಂದಿದ್ದ. ಹಾಗೆನ್ನುವುದು ದೊಡ್ಡ ಮನಸ್ಸೆಂದು ಆ ಕ್ಷಣಕ್ಕೆ ಅನ್ನಿಸಿತ್ತು.

ಜಗಳವಾದರೂ ಆಗಿದ್ದರೆ ಅವನಿಗೆ ಅನುಕೂಲವಿತ್ತು. ಡಿಕ್ಕಿಯಾದ ಕಾರಿನಲ್ಲಿ ಏಟು ಎಲ್ಲಿ ಬಿದ್ದಿದೆಯೆಂದು ಬೆರಳಿಟ್ಟು ತೋರಿಸಬಹುದು. ಇದು ತುಕ್ಕು. ತುಕ್ಕಿಗೆ ಇನ್ಶೂರೆನ್ಸ್ ಇಲ್ಲ.

“ರೀ,” ಹೊರಗಿನಿಂದ ಹೆಂಡತಿ ಕರೆದಳು. “ಕಾರು ಹಿಂದಕ್ಕೆ ತೆಗೀಬೇಕು. ಸ್ವಲ್ಪ ನೋಡ್ಕೊಳ್ಳಿ.”

ಮಗಳ ಹಿಂದೆ ಅವನು ಎದ್ದು ಹೋದ.

ಅವರ ಓಣಿ ಮನೆಯ ಮುಂದೆಯೇ ಮುಗಿಯುತ್ತಿತ್ತು. ಒಳಗೆ ಬಂದ ಕಾರು ದೊಡ್ಡ ರಸ್ತೆಯವರೆಗೂ ಹಿಮ್ಮುಖವಾಗಿಯೇ ಹೋಗಬೇಕು. ಒಂದು ಕಡೆ ಕಾಂಪೌಂಡ್ ಗೋಡೆ, ಇನ್ನೊಂದು ಕಡೆ ಲೈಟು ಕಂಬ. ಹೆಂಡತಿ ಸ್ಟಿಯರಿಂಗ್ ಹಿಡಿದು ಕೂತಿದ್ದಳು. ಹಿಂದಿನ ಸೀಟಿನಲ್ಲಿ ಮೂರು ಸೂಟ್‌ಕೇಸುಗಳ ಪಕ್ಕ ಮಗಳು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಪೇಪರು ಕಂಕುಳಲ್ಲಿಟ್ಟುಕೊಂಡು ಗೇಟಿಗೆ ಒರಗಿ ನಿಂತಿದ್ದರು.

ಅವನು ಹೋಗಿ ಕಾರಿನ ಮುಂದೆ ನಿಂತ. ವಿಮಾನ ತಳ್ಳುವಾಗ ಕೆಳಗಿನವನು ನಿಲ್ಲುವುದು ಅಲ್ಲೇ, ಪೈಲಟನ ಕಣ್ಣಿಗೆ ಬೀಳುವಂತೆ.

“ಹಿಂದೆ ಹೋಗಿ ನಿಂತ್ಕೊಳ್ರಿ,” ಎಂದಳು ಹೆಂಡತಿ.

“ಇಲ್ಲಿಂದ ಎರಡೂ ಕಡೆ ಕಾಣುತ್ತೆ.”

“ಏನ್ರೀ, ಕಾರಿಗೆ ಆರತಿ ಎತ್ತೋಕೆ ನಿಂತ ಹಾಗಿದೆಯಲ್ಲ,” ಎಂದರು ಮೇಷ್ಟ್ರು.

ಅವನು ಎರಡೂ ತೋಳು ಚಾಚಿ ಸಂಜ್ಞೆ ಮಾಡಿದ. ಕಾರು ಸರಿಯಿತು. ಅದು ಹಿಂದೆ ಹೋದಷ್ಟೂ ಅವನು ಮುಂದೆ ನಡೆದ. ಎಡಗೈ ತಗ್ಗಿಸಿದರೆ ಅವಳು ಆ ಕಡೆ ತಿರುಗಿಸುತ್ತಿದ್ದಳು, ಬಲಗೈ ತಗ್ಗಿಸಿದರೆ ಈ ಕಡೆ. ಇಬ್ಬರೂ ಹೀಗೆ ಒಬ್ಬರನ್ನೊಬ್ಬರು ನೋಡಿ ಎಷ್ಟೋ ಕಾಲವಾಗಿತ್ತು. ಗಾಜಿನಾಚೆ ಅವಳ ಮುಖ ಅವನು ಅಂದುಕೊಂಡಿದ್ದಕ್ಕಿಂತ ಸಣ್ಣದಿತ್ತು.

ಕಂಬದ ಹತ್ತಿರ ಅವಳು ಕಾರು ನಿಲ್ಲಿಸಿದಳು. ಕಿಟಕಿ ಇಳಿಸಿ ತಲೆ ಹೊರಗೆ ಹಾಕಿದಳು.

“ಏನಾದ್ರೂ ಹೇಳೋದಿದೆಯಾ?”

“ಎಡಗಡೆ ಕಂಬ ಇದೆ.”

“ಕಂಬ ನಂಗೂ ಕಾಣುತ್ತೆ. ಬೇರೆ?”

ಅವನ ಬಲಗೈ ಮೇಲೆದ್ದಿತು. ಬೆರಳು ಮಡಿಚಿ ಮುಷ್ಟಿಯಾಯಿತು. ಕೆಳಗೆ ನಿಂತವರ ಭಾಷೆಯಲ್ಲಿ ಅದರರ್ಥ ಬ್ರೇಕ್ ಹಾಕು, ನಿಲ್ಲು. ಅವಳಿಗೆ ಆ ಭಾಷೆ ಗೊತ್ತಿರಲಿಲ್ಲ. ಆದರೆ ಎತ್ತಿ ಹಿಡಿದ ಮುಷ್ಟಿ ಯಾರಿಗಾದರೂ ಅರ್ಥವಾಗುವಂಥದ್ದು. ಅವಳು ಎಂಜಿನ್ ಆರಿಸಿದಳು. ಹಿಂದಿನ ಸೀಟಿನಲ್ಲಿ ಮಗಳು ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿದಳು.

ಬೇಡ ಎಂಬ ಮಾತು ಎರಡಕ್ಷರದ್ದು. ನಾಲಿಗೆಯ ಮೇಲೇ ಇತ್ತು. ಆದರೆ ಅದರ ಹಿಂದೆ ಯಾಕೆ ಎಂಬ ಪ್ರಶ್ನೆ ಬರುತ್ತದೆ, ಅದಕ್ಕೊಂದು ಉತ್ತರ ಬೇಕಾಗುತ್ತದೆ. ಅವನು ಒಳಗೆ ಹುಡುಕಿದ. ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ನೋಡುವ ಹಾಗೆ ನೋಡಿದ. ಎಲ್ಲ ಇರುವ ಜಾಗದಲ್ಲೇ ಇತ್ತು, ಬಿಸಿ ಮಾತ್ರ ಇರಲಿಲ್ಲ. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಎತ್ತಿದ ಕೈ ಭಾರವಾಯಿತು, ನಡುಬೀದಿಯಲ್ಲಿ ಘೋಷಣೆ ಕೂಗಲು ನಿಂತವನಂತೆ ತಾನು ಕಾಣುತ್ತಿರಬಹುದು ಅನ್ನಿಸಿತು.

ಮುಷ್ಟಿ ಬಿಚ್ಚಿಕೊಂಡಿತು. ಐದೂ ಬೆರಳು.

ಬ್ರೇಕ್ ಬಿಡಿ.

ಅವಳು ಒಂದು ಗಳಿಗೆ ಆ ಅಂಗೈಯನ್ನೇ ನೋಡಿದಳು. ಆಮೇಲೆ ಕಿಟಕಿ ಏರಿಸಿ ಎಂಜಿನ್ ಶುರುಮಾಡಿದಳು. ಕಾರು ಕಂಬವನ್ನು ತಪ್ಪಿಸಿ ನೀಟಾಗಿ ದೊಡ್ಡ ರಸ್ತೆಗೆ ಇಳಿಯಿತು. ಎಲ್ಲೂ ತಾಗಲಿಲ್ಲ. ಕೆಲಸ ಮುಗಿದ ಮೇಲೆ ಕೆಳಗಿನವನು ಕೈಯೆತ್ತಿ ನಿಲ್ಲಬೇಕು, ಪೈಲಟ್ ದೀಪ ಮಿನುಗಿಸಿ ಒಪ್ಪಿಕೊಳ್ಳಬೇಕು. ಅವನು ಕೈಯೆತ್ತಿ ನಿಂತ. ಕಾರಿನ ದೀಪ ಮಿನುಗಿತು. ಎಡಕ್ಕೆ ತಿರುಗುವ ಇಂಡಿಕೇಟರ್ ಅದು.

“ಓಡಿಸೋಕೆ ಬರದವರೇ ಚೆನ್ನಾಗಿ ಕೈ ತೋರಿಸೋದು, ನೋಡಿ,” ಎಂದರು ಮೇಷ್ಟ್ರು. “ವಾಪಸ್ ಯಾವಾಗ?”

“ನೋಡ್ಬೇಕು.”

ಒಳಗೆ ಬಂದ. ಊಟದ ಮೇಜಿನ ಮೇಲೆ ತಟ್ಟೆಯೊಂದನ್ನು ಮುಚ್ಚಿಟ್ಟಿದ್ದರು. ಚಪ್ಪಲಿ ಸ್ಟ್ಯಾಂಡಿನಲ್ಲಿ ಅವನ ಒಂದು ಜೊತೆ ವಿಶಾಲವಾಗಿ ಕೂತಿತ್ತು. ಕೋಣೆಯ ಬಾಗಿಲು ತೆರೆದೇ ಇತ್ತು.

ಪರದೆಗಳ ಮೇಲೆ ಏನಿದೆಯೆಂದು ಮೊದಲು ತಿಳಿಯಲಿಲ್ಲ. ಬರೀ ಹಸಿರು. ಆಮೇಲೆ ನೆನಪಾಯಿತು, ಏಳುವಾಗ ಕೀಲಿ ಒತ್ತಿರಲಿಲ್ಲ. ಹೊರಗಿನ ನೋಟಕ್ಕೆ ಬದಲಿಸಿದ. ವಿಮಾನ ರನ್‌ವೇ ದಾಟಿ, ಹುಲ್ಲು ದಾಟಿ, ಬೇಲಿಯೊಳಗಿಂದ ತೂರಿ, ಆಟ ತಯಾರಿಸಿದವರು ನಾಲ್ಕು ಮರ ಬಿಟ್ಟು ಬೇರೇನೂ ಚಿತ್ರಿಸದ ಬಯಲಿನಲ್ಲಿ ಹಿಂದಕ್ಕೆ ಹೋಗುತ್ತಲೇ ಇತ್ತು. ರೆಕ್ಕೆಗಳ ಒಳಗಿಂದ ಮರಗಳು ಹಾದುಹೋಗುತ್ತಿದ್ದವು. ಕಿಟಕಿಗಳಲ್ಲೆಲ್ಲ ದೀಪವಿತ್ತು. ಡ್ರೈವರಿಲ್ಲದ ಆ ಕುಳ್ಳ ಗಾಡಿ ಮೂತಿಗೆ ಮೂತಿ ಕೊಟ್ಟು, ಸದ್ದಿಲ್ಲದೆ ತಳ್ಳುತ್ತಿತ್ತು. ಬಲು ದೂರದಲ್ಲಿ ನಿಲ್ದಾಣದ ಕಟ್ಟಡ ಬೆಂಕಿಪೊಟ್ಟಣದಷ್ಟಿತ್ತು.

ಅವನು ಕುರ್ಚಿಯಲ್ಲಿ ಕೂತು ಕೀಲಿಯ ಮೇಲೆ ಬೆರಳಿಟ್ಟ. ಬೆರಳು ಅಲ್ಲೇ ಇತ್ತು. ಅಭ್ಯಾಸಬಲದಿಂದ ಅವನು ನಷ್ಟದ ಅಂದಾಜಿಗೆ ತೊಡಗಿದ. ವಿಮಾನಕ್ಕೆ ಗೀರಿಲ್ಲ. ಬೇಲಿಗಿಲ್ಲ. ಕಾರಿಗಿಲ್ಲ, ಗೋಡೆಗಿಲ್ಲ, ಕಂಬಕ್ಕೂ ಇಲ್ಲ. ಹೋದದ್ದು ಇಷ್ಟು: ಹೆಂಡತಿ ಒಬ್ಬಳು, ಮಗಳು ಒಬ್ಬಳು, ಸೂಟ್‌ಕೇಸ್ ಮೂರು, ಹೆಡ್‌ಫೋನ್ ಒಂದು.